ದೋಣಿಯ ತಳಕ್ಕೆ ಬಣ್ಣ, ಪ್ರೊಪೆಲ್ಲರ್‌ಗೆ ಆರೈಕೆ

ಪ್ರಶ್ನೆ: ನನ್ನ ಫೈಬರ್‌ಗ್ಲಾಸ್ ದೋಣಿ ಋತುವಿಡೀ ಸಮುದ್ರದಲ್ಲೇ ಇರುತ್ತದೆ. ತಳದ ಹಳೆಯ ಬಣ್ಣದ ಮೇಲೆಯೇ ಹೊಸದನ್ನು ಬಳಿಯಬಹುದೇ? ಪ್ರೊಪೆಲ್ಲರ್‌ಗೂ ಅದೇ ಬಣ್ಣ ಸಾಕೇ?

ಉತ್ತರ: ಹಳೆಯ ಪದರ ಎಲ್ಲಿಯೂ ಏಳದೆ ಗಟ್ಟಿಯಾಗಿ ಅಂಟಿಕೊಂಡಿದ್ದು, ಹೊಸ ಬಣ್ಣವೂ ಅದಕ್ಕೆ ಹೊಂದುವ ಬಗೆಯದೇ ಆಗಿದ್ದರೆ ಬಳಿಯಬಹುದು. ಆದರೆ ಒಣ ಮೇಲ್ಮೈಯನ್ನು ಎಂದಿಗೂ ಉಜ್ಜಬೇಡಿ. ಪಾಚಿ, ಚಿಪ್ಪುಜೀವಿಗಳು ಅಂಟದಂತೆ ತಡೆಯುವ ಈ ಬಣ್ಣಗಳಲ್ಲಿ ಸಾಮಾನ್ಯವಾಗಿ ತಾಮ್ರದ ಸಂಯುಕ್ತಗಳಿರುವುದರಿಂದ ಅದರ ಧೂಳು ವಿಷಕಾರಿ. ಮುಖಕ್ಕೆ ರಕ್ಷಕ ಧರಿಸಿ, ನೀರು ಹಾಕಿ ಉಜ್ಜಿ, ಆ ಕೊಳೆನೀರನ್ನು ಸಮುದ್ರಕ್ಕೆ ಹರಿಯಬಿಡದೆ ಸಂಗ್ರಹಿಸಿ. ಇದಕ್ಕಿಂತಲೂ ಅಪಾಯಕಾರಿಯಾಗಿದ್ದ ಟ್ರೈಬ್ಯುಟೈಲ್ ಟಿನ್ ಬಣ್ಣಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದಿತು.

ಪ್ರೊಪೆಲ್ಲರ್‌ನ ವಿಷಯ ಬೇರೆ. ಅದು ಅಲ್ಯೂಮಿನಿಯಂನದಾಗಿದ್ದರೆ ತಾಮ್ರವಿರುವ ಬಣ್ಣ ಅದನ್ನೇ ಕೊರೆದು ತಿನ್ನುತ್ತದೆ. ಕಂಚಿನದಾದರೆ ಉಜ್ಜಿ ನಯಗೊಳಿಸಿ, ಪ್ರೊಪೆಲ್ಲರ್‌ಗೆಂದೇ ತಯಾರಾದ ಲೇಪನ ಹಚ್ಚುವುದು ಒಳಿತು. ರೆಕ್ಕೆಗಳ ಅಂಚು ಬಾಗಿದೆಯೇ, ಲೋಹ ಗುಲಾಬಿ ಬಣ್ಣಕ್ಕೆ ತಿರುಗಿದೆಯೇ ಎಂದು ಗಮನವಿಟ್ಟು ನೋಡಿ. ಗುಲಾಬಿ ಛಾಯೆ ಕಂಡರೆ ಮಿಶ್ರಲೋಹದಿಂದ ಸತು ಕರಗಿಹೋಗಿ ರೆಕ್ಕೆ ದುರ್ಬಲವಾಗಿದೆ ಎಂದೇ ತಿಳಿಯಬೇಕು.

ಈ ಹಾನಿಯನ್ನು ತಡೆಯಲೆಂದೇ ಶಾಫ್ಟ್‌ಗೆ ಸತುವಿನ ಆನೋಡ್ ಜೋಡಿಸಿರುತ್ತಾರೆ. ತಾನು ಸವೆದು ಪ್ರೊಪೆಲ್ಲರ್ ಅನ್ನು ಉಳಿಸುವ ಈ ತುಂಡಿನ ಮೇಲೆ ಒಂದು ಹನಿ ಬಣ್ಣವೂ ಬೀಳಬಾರದು, ಬಿದ್ದಷ್ಟು ಭಾಗ ಕೆಲಸ ಮಾಡುವುದಿಲ್ಲ. ಅರ್ಧದಷ್ಟು ಸವೆದ ಕೂಡಲೇ ಬದಲಾಯಿಸಿ.