50 ವ್ಯಾಟ್ ಸಾಕು, ಮೊದಲು ಕುರ್ಚಿ ಸರಿಸಿ ನೋಡಿ

ನೀವು ಕೇಳಿದ್ದು ಇಷ್ಟು: ಕೋಣೆ 3.5 ಮೀಟರ್ ಉದ್ದ, 3 ಮೀಟರ್ ಅಗಲ. 4 ಓಮ್‌ನ (ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ ಇದು) ಬುಕ್‌ಶೆಲ್ಫ್ ಸ್ಪೀಕರ್, ಸೆನ್ಸಿಟಿವಿಟಿ, ಅಂದರೆ ಕೊಟ್ಟ ಕರೆಂಟ್‌ಗೆ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವುದು, 86 ಡಿಬಿ (ಡೆಸಿಬೆಲ್). ಆಂಪ್ಲಿಫೈಯರ್ 50 ವ್ಯಾಟ್. ಸ್ಪೀಕರ್ ಎರಡೂ ಮೂಲೆಯಲ್ಲಿವೆ, ಸೋಫಾ ಎದುರು ಗೋಡೆಗೆ ಒರಗಿದೆ. ಬಾಸ್ (ತಗ್ಗಿನ ಸ್ವರಗಳು) ಗುಮ್ ಅನ್ನುತ್ತದೆ, ಹಾಡುವವರ ದನಿ ಮಂಕಾಗಿದೆ. ಹಾಗಾಗಿ 100 ವ್ಯಾಟ್ ಆಂಪ್ ತೆಗೆದುಕೊಳ್ಳಬೇಕಾ?

ಬೇಡ. ಈಗಲೇ ಬೇಡ.

ಇದೇ ದಾರಿಯಲ್ಲಿ ನಾನು ಹೋಗಿ ಬಂದಿದ್ದೇನೆ. ನನ್ನ ಕೋಣೆಯೂ ಹೆಚ್ಚುಕಡಿಮೆ ನಿಮ್ಮ ಕೋಣೆಯಷ್ಟೇ ಇತ್ತು. ಬಾಸ್ ಬಿಗಿಯಾಗಿಲ್ಲ, ಆಂಪ್‌ಗೆ ಸ್ಪೀಕರ್ ಮೇಲೆ ಹಿಡಿತ ಇಲ್ಲ ಅಂತ ಅಂದುಕೊಂಡೆ. ಎರಡು ಪಟ್ಟು ಪವರ್ ಇರುವ ಆಂಪ್ ತಂದೆ. ಗುಮ್ ಅನ್ನುವುದು ಹಾಗೇ ಇತ್ತು. ಕೊನೆಗೆ ಒಂದು ಅಳತೆ ಮೈಕ್ ತಂದು, ರೂಮ್ ಇಕ್ಯೂ ವಿಝರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಅಳೆದೆ. 50 ಹರ್ಟ್ಸ್ ಹತ್ತಿರ, ಅಂದರೆ ಸೆಕೆಂಡಿಗೆ 50 ಕಂಪನದ ತಗ್ಗು ಸ್ವರದ ಬಳಿ, ಗುಡ್ಡದ ಹಾಗೆ ಒಂದು ಏರು ಕಾಣಿಸಿತು. ಹಳೆಯ ಆಂಪ್ ಹಾಕಿ ಮತ್ತೆ ಅಳೆದೆ. ಅದೇ ಜಾಗದಲ್ಲಿ ಅದೇ ಗುಡ್ಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಇದೆಯಲ್ಲ, ಇಲ್ಲಿ ಮಾತ್ರ ನೆಲವೇ ಡೊಂಕು. ಸ್ಪೀಕರ್ ಚೆನ್ನಾಗಿಯೇ ಕುಣಿಯುತ್ತಿತ್ತು.

ಮೊದಲು ಪವರ್ ಲೆಕ್ಕ ಮುಗಿಸೋಣ, ನಿಮ್ಮ ಮನಸ್ಸಿಗೆ ಸಮಾಧಾನ ಆಗಲಿ.

86 ಡಿಬಿ ಅಂದರೆ 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಬರುವ ಶಬ್ದ. 8 ಓಮ್ ಸ್ಪೀಕರ್‌ನಲ್ಲಿ 2.83 ವೋಲ್ಟ್ ಅಂದರೆ 1 ವ್ಯಾಟ್. ನಿಮ್ಮದು 4 ಓಮ್, ಹಾಗಾಗಿ ಅಷ್ಟೇ ವೋಲ್ಟ್‌ಗೆ 2 ವ್ಯಾಟ್ ಎಳೆಯುತ್ತದೆ. ಅಂದರೆ ಒಂದು ವ್ಯಾಟ್‌ಗೆ ನಿಜವಾಗಿ ಸಿಗುವುದು 83 ಡಿಬಿ. ಈ ಒಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಡಬ್ಬಿಯ ಮೇಲಿನ ಅಂಕಿ ನೋಡಿ ಎರಡು ಸ್ಪೀಕರ್ ಹೋಲಿಸುವಾಗ ಓಮ್ ಕೂಡ ನೋಡಲೇಬೇಕು.

ನೀವು ಕೂರುವುದು ಸುಮಾರು 2.5 ಮೀಟರ್ ದೂರದಲ್ಲಿ. ಬಯಲಾಗಿದ್ದರೆ 8 ಡಿಬಿ ಕಮ್ಮಿ ಆಗುತ್ತಿತ್ತು. ಕೋಣೆಯೊಳಗೆ ಗೋಡೆಗಳು ಶಬ್ದವನ್ನು ವಾಪಸ್ ಕಳಿಸುತ್ತವೆ, ಹಾಗಾಗಿ ಕಮ್ಮಿ ಆಗುವುದು 5 ಡಿಬಿ ಮಾತ್ರ ಅಂತ ಇಟ್ಟುಕೊಳ್ಳೋಣ. ಎರಡು ಸ್ಪೀಕರ್ ಇರುವುದರಿಂದ 3 ಡಿಬಿ ಸೇರುತ್ತದೆ. ಹಾಗಾಗಿ ತಲಾ ಒಂದು ವ್ಯಾಟ್‌ಗೆ ನಿಮ್ಮ ಕಿವಿಯ ಹತ್ತಿರ 81 ಡಿಬಿ. ಮನೆಯಲ್ಲಿ 75 ಡಿಬಿ ಸರಾಸರಿ ಅಂದರೆ ಸಾಕಷ್ಟು ಜೋರು. ಅದಕ್ಕೆ ಬೇಕಾಗಿದ್ದು ಕಾಲು ವ್ಯಾಟ್! ಡ್ರಮ್ ಪೆಟ್ಟು, ದನಿ ಮೇಲಕ್ಕೇರುವ ಕ್ಷಣ, ಇವೆಲ್ಲ ಸರಾಸರಿಗಿಂತ 20 ಡಿಬಿ ಮೇಲೆ ಹೋಗಬಹುದು. 20 ಡಿಬಿ ಅಂದರೆ ನೂರು ಪಟ್ಟು ಪವರ್, ಅಂದರೆ 25 ವ್ಯಾಟ್. ನಿಮ್ಮ ಹತ್ತಿರ 50 ಇದೆ.

ಇನ್ನು 100 ವ್ಯಾಟ್ ತಂದರೆ ಎಷ್ಟು ಸಿಗುತ್ತದೆ? 3 ಡಿಬಿ. ಪವರ್ ಎರಡು ಪಟ್ಟಾದರೆ ಸಿಗುವುದು ಅಷ್ಟೇ. ಕಿವಿಗೆ ಅದು 'ಸ್ವಲ್ಪ ಜಾಸ್ತಿ' ಅನ್ನಿಸುತ್ತದೆ. ಶಬ್ದ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡಿಬಿ ಬೇಕು, ಅಂದರೆ ಹತ್ತು ಪಟ್ಟು ಪವರ್.

ಆಂಪ್ ಬಗ್ಗೆ ನೀವು ನಿಜವಾಗಿ ನೋಡಬೇಕಾದ್ದು ಬೇರೆ. ಅದರ ಹಿಂಭಾಗದಲ್ಲಿ, ಸ್ಪೀಕರ್ ಟರ್ಮಿನಲ್ ಪಕ್ಕ, ಎಷ್ಟು ಓಮ್ ತನಕ ಹಾಕಬಹುದು ಅಂತ ಬರೆದಿರುತ್ತದೆ. 4 ಓಮ್ ಅಂತ ಇದ್ದರೆ ನಿಶ್ಚಿಂತೆ. 8 ಓಮ್‌ಗಿಂತ ಕಮ್ಮಿ ಬೇಡ ಅಂತ ಇದ್ದರೆ ಮಾತ್ರ ಜೋಡಿ ಸರಿಯಿಲ್ಲ. ಸ್ಪೀಕರ್‌ನ ಓಮ್ ಒಂದೇ ಸ್ಥಿರ ಅಂಕಿ ಅಲ್ಲ, ಸ್ವರ ಬದಲಾದ ಹಾಗೆ ಅದೂ ಏರಿಳಿಯುತ್ತದೆ. 4 ಓಮ್ ಅಂತ ಬರೆದ ಸ್ಪೀಕರ್ ಕೆಲವು ಕಡೆ 3ರ ಹತ್ತಿರ ಇಳಿಯಬಹುದು. ಅಲ್ಲಿ ಆಂಪ್ ಜಾಸ್ತಿ ಕರೆಂಟ್ ಕೊಡಬೇಕು. ಆಗದಿದ್ದರೆ ಬಿಸಿಯಾಗುತ್ತದೆ, ಇಲ್ಲವೇ ಪ್ರೊಟೆಕ್ಷನ್‌ಗೆ ಹೋಗಿ ಟಕ್ ಅಂತ ನಿಂತುಬಿಡುತ್ತದೆ. ನಿಮ್ಮದು ಒಂದು ಗಂಟೆ ಹಾಡಿದ ಮೇಲೂ ಮುಟ್ಟುವಷ್ಟು ಬೆಚ್ಚಗೆ ಮಾತ್ರ ಇದ್ದರೆ, ಎಂದೂ ನಿಂತಿಲ್ಲ ಅಂದರೆ, ಅದನ್ನು ಅದರ ಪಾಡಿಗೆ ಬಿಡಿ.

ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವುದು) ತಗೊಂಡರೆ ದನಿ ಮೃದುವಾಗುತ್ತದಾ ಅಂತಲೂ ಕೇಳಿದ್ದೀರಿ. ದನಿ ಬದಲಾಗಬಹುದು, ಅದಕ್ಕೆ ಕಾರಣವೂ ಸರಳ. ಹಲವು ಟ್ಯೂಬ್ ಆಂಪ್‌ಗಳ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಆಂಪ್‌ನದ್ದೇ ಒಳಗಿನ ತಡೆ, ಜಾಸ್ತಿ. ಅದು 2 ಓಮ್ ಇದೆ ಅಂದುಕೊಳ್ಳಿ. ಸ್ಪೀಕರ್ ಒಂದು ಕಡೆ 4 ಓಮ್, ಇನ್ನೊಂದು ಕಡೆ 20 ಓಮ್ ಇದ್ದರೆ, ಆ ಎರಡು ಜಾಗಗಳ ನಡುವೆ ಎರಡೂವರೆ ಡಿಬಿಗಿಂತ ಜಾಸ್ತಿ ವ್ಯತ್ಯಾಸ ಬಂದುಬಿಡುತ್ತದೆ. ಅಂದರೆ ಆಂಪ್ ಸುಮ್ನೆ, ಕೆಲವು ಸ್ವರ ಏರಿಸಿ ಕೆಲವನ್ನು ಇಳಿಸುವ ಒಂದು ಈಕ್ವಲೈಜರ್ ಹಾಗೆ ಕೆಲಸ ಮಾಡುತ್ತದೆ, ಯಾವ ಕಡೆ ತಿರುಗುತ್ತದೆ ಅನ್ನುವುದು ನಿಮ್ಮ ಸ್ಪೀಕರ್ ಮೇಲೆ ನಿಂತಿದೆ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಇದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಎರಡು ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್‌ಗಳನ್ನು ಅವುಗಳ ಮಿತಿಯೊಳಗೆ, ಸರಿಯಾಗಿ ಒಂದೇ ವಾಲ್ಯೂಮ್‌ಗೆ ಹೊಂದಿಸಿ ಕೇಳಿದಾಗ ನನಗೆ ವ್ಯತ್ಯಾಸ ಹಿಡಿಯಲು ಆಗಿಲ್ಲ. ವಾಲ್ಯೂಮ್ ಹೊಂದಿಸದೆ ಹೋಲಿಸಬೇಡಿ. ಒಂದು ಡಿಬಿ ಜೋರಾಗಿರುವುದೇ ನಮಗೆ ಚೆಂದ ಕೇಳಿಸುತ್ತದೆ.

ಈಗ ಕೋಣೆಗೆ ಬರೋಣ.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಅದು ಹೋಗಿ ಬಂದು ಮಾಡುವಾಗ, ಕೆಲವು ಸ್ವರಗಳು ಆ ಉದ್ದಕ್ಕೆ ಸರಿಯಾಗಿ ಹೊಂದಿ ನಿಂತುಬಿಡುತ್ತವೆ. ಇದಕ್ಕೆ ರೂಮ್ ಮೋಡ್ ಅನ್ನುತ್ತಾರೆ. ಲೆಕ್ಕ ಬಹಳ ಸುಲಭ: 343ನ್ನು ಉದ್ದದ ಎರಡರಷ್ಟರಿಂದ ಭಾಗಿಸಿ. ನಿಮ್ಮ 3.5 ಮೀಟರ್‌ಗೆ 49 ಹರ್ಟ್ಸ್. 3 ಮೀಟರ್ ಅಗಲಕ್ಕೆ 57. ಸೂರು 2.8 ಮೀಟರ್ ಎತ್ತರ ಇದ್ದರೆ ಅಲ್ಲಿ 61. ನೋಡಿ, ಮೂರೂ ಒಂದರ ಪಕ್ಕ ಒಂದು ಬಂದು ಕೂತಿವೆ. ನಿಮಗೆ ಗುಮ್ ಅಂತ ಕೇಳುತ್ತಿರುವುದು ಇದೇ ಅಂತ ನನಗೆ ಬಲವಾದ ಅನುಮಾನ.

ಈ ಸ್ವರಗಳ ಒತ್ತಡ ಅತಿ ಜಾಸ್ತಿ ಇರುವುದು ಗೋಡೆಯ ಹತ್ತಿರ. ಮೂಲೆಯಲ್ಲಂತೂ ಎಲ್ಲ ಗೋಡೆಗಳದ್ದೂ ಸೇರುತ್ತದೆ. ನಿಮ್ಮ ಸ್ಪೀಕರ್ ಮೂಲೆಯಲ್ಲಿ ನಿಂತು ಆ ಸ್ವರಗಳನ್ನು ಪೂರ್ತಿ ಕೆರಳಿಸುತ್ತಿದೆ. ನಿಮ್ಮ ತಲೆ ಹಿಂದಿನ ಗೋಡೆಗೆ ಒರಗಿ ಅವನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದೆ. ಎರಡು ಕಡೆಯೂ ಅತಿ ಹೆಚ್ಚು. ಇದರ ಮಧ್ಯೆ ಯಾವ ಆಂಪ್ ಇಟ್ಟರೂ ಫಲಿತಾಂಶ ಅದೇ, ಅಲ್ವಾ?

ಹಾಗಾಗಿ ಸೋಫಾ ಬಿಟ್ಟು ಒಂದು ಕುರ್ಚಿ ತನ್ನಿ. ಹಿಂದಿನ ಗೋಡೆಯಿಂದ 1.2 ಮೀಟರ್ ಮುಂದೆ ಹಾಕಿ ಕೂತು ಕೇಳಿ. ಸರಿಯಾಗಿ ಕೋಣೆಯ ನಡುಮಧ್ಯ ಬೇಡ, ಅಲ್ಲಿ ಅದೇ 49 ಹರ್ಟ್ಸ್ ಮಾಯವಾಗಿ ಬಾಸ್ ತೆಳ್ಳಗಾಗುತ್ತದೆ. ನಾನು ಮೊದಲ ಸಲ ಕುರ್ಚಿ ಸರಿಸಿ ಕೂತಾಗ ನಂಬಲಿಕ್ಕೇ ಆಗಲಿಲ್ಲ. ವರ್ಷಗಟ್ಟಲೆ ಕೇಳಿದ ಹಾಡಿನಲ್ಲಿ ಬಾಸ್ ಗಿಟಾರ್ ಒಂದೊಂದು ಸ್ವರವೂ ಬೇರೆ ಬೇರೆ ಅಂತ ಆವತ್ತು ಗೊತ್ತಾಯಿತು. ಅಲ್ಲಿಯವರೆಗೆ ಅದು ಒಂದೇ ಸ್ವರ ನುಡಿಸುತ್ತಿದೆ ಅಂತಲೇ ನನ್ನ ಭಾವನೆ.

ಮುಂದಕ್ಕೆ ಕೂತರೆ ಇನ್ನೊಂದು ಲಾಭ ಇದೆ. ಸ್ಪೀಕರ್‌ನಿಂದ ನೇರವಾಗಿ ಬರುವ ಶಬ್ದ ಜಾಸ್ತಿ, ಗೋಡೆಗೆ ಬಡಿದು ಬರುವುದು ಅದಕ್ಕೆ ಹೋಲಿಸಿದರೆ ಕಮ್ಮಿ. ಮಂಕಾದ ದನಿ ಇಷ್ಟಕ್ಕೇ ಅರ್ಧ ತಿಳಿಯಾಗುತ್ತದೆ.

ಆಮೇಲೆ ಸ್ಪೀಕರ್. ಮೂಲೆಯಿಂದ ಹೊರಗೆ ತನ್ನಿ. ಇಲ್ಲಿ ಇನ್ನೊಂದು ಲೆಕ್ಕ ಇದೆ. ಬಾಸ್ ಶಬ್ದ ಡಬ್ಬದ ಸುತ್ತ ಹಿಂದಕ್ಕೂ ಹೋಗುತ್ತದೆ, ಗೋಡೆಗೆ ಬಡಿದು ವಾಪಸ್ ಬರುತ್ತದೆ. ಒಂದು ಸ್ವರದಲ್ಲಿ ಅದು ನೇರ ಶಬ್ದಕ್ಕೆ ಸರಿಯಾಗಿ ಉಲ್ಟಾ ಆಗಿ ಬಂದು ಅದನ್ನು ಅಳಿಸುತ್ತದೆ. ಆ ಸ್ವರ ಯಾವುದು? 343ನ್ನು ದೂರದ ನಾಲ್ಕರಷ್ಟರಿಂದ ಭಾಗಿಸಿ. ಸ್ಪೀಕರ್‌ನ ಮುಖ ಸ್ಪೀಕರ್ ಹಿಂದಿನ ಗೋಡೆಯಿಂದ 50 ಸೆಂಟಿಮೀಟರ್ ಇದ್ದರೆ ಸುಮಾರು 170 ಹರ್ಟ್ಸ್. ದನಿ ಮೈತುಂಬಿ ಬರುವುದು ಇದೇ ಭಾಗದಲ್ಲಿ. ಪಕ್ಕದ ಗೋಡೆಯೂ ಹೀಗೇ ಒಂದು ಗುಳಿ ತೋಡುತ್ತದೆ. ಹಿಂದಿನ ಗೋಡೆ, ಪಕ್ಕದ ಗೋಡೆ ಎರಡೂ ಒಂದೇ ದೂರ ಇದ್ದರೆ ಎರಡು ಗುಳಿ ಒಂದೇ ಕಡೆ ಬಿದ್ದು ಆಳವಾಗುತ್ತದೆ. ಅದೊಂದು ಆಗದ ಹಾಗೆ ನೋಡಿಕೊಳ್ಳಿ. ನಿಮ್ಮ ಕೋಣೆಯಲ್ಲಿ ಎರಡು ಸ್ಪೀಕರ್ ನಡುವೆ 1.7 ಮೀಟರ್ ಬಿಟ್ಟರೆ ಪಕ್ಕಕ್ಕೆ ತಲಾ 65 ಸೆಂಟಿಮೀಟರ್ ಉಳಿಯುತ್ತದೆ. ಹಿಂದೆ 50 ಇಡಿ. ಅಲ್ಲಿಂದ ಐದೈದು ಸೆಂಟಿಮೀಟರ್ ಆಚೆ ಈಚೆ ಮಾಡುತ್ತ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ದನಿಯನ್ನು ಕೇಳುತ್ತ ಹೋಗಿ. ಒಂದು ಸಂಜೆ ಪೂರ್ತಿ ಇದಕ್ಕೆ ಕೊಡಿ.

ಟ್ವೀಟರ್ (ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗ) ನಿಮ್ಮ ಕಿವಿಯ ಎತ್ತರಕ್ಕೆ ಇರಲಿ. ಸ್ಟ್ಯಾಂಡ್ ಇದ್ದರೆ ಒಳ್ಳೆಯದು. ಕಪಾಟಿನಲ್ಲೇ ಇಡಬೇಕಾದರೆ ಸ್ಪೀಕರ್‌ನ ಮುಖ ಹಲಗೆಯ ಅಂಚಿಗೆ ಬರುವ ಹಾಗೆ ಮುಂದೆ ಎಳೆಯಿರಿ, ಇಲ್ಲದಿದ್ದರೆ ಹಲಗೆಯ ಮೇಲೇ ಶಬ್ದ ಬಡಿಯುತ್ತದೆ. ಹಿಂದೆ ಪೋರ್ಟ್ (ಬಾಸ್‌ಗಾಗಿ ಡಬ್ಬದಲ್ಲಿ ಬಿಟ್ಟ ತೂತು) ಇದ್ದು ಗೋಡೆಯಿಂದ ದೂರ ಇಡಲು ಆಗದಿದ್ದರೆ ಪೋರ್ಟ್‌ಗೆ ಫೋಮ್ ಅಥವಾ ಒಂದು ಜೊತೆ ಕಾಲುಚೀಲ ತುರುಕಿ ನೋಡಿ. ಬಾಸ್ ಕಮ್ಮಿಯಾಗುತ್ತದೆ, ಆದರೆ ತಿಳಿಯಾಗುತ್ತದೆ.

ಗೋಡೆಗೆ ಏನು ಹಾಕಬೇಕು? ಕೋಣೆಯ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟರ್ರ್ ಅಂತ ಬಾಲ ಕೇಳಿದರೆ ಎದುರುಬದುರು ಗೋಡೆಗಳು ಬರಿದಾಗಿವೆ ಅಂತ ಅರ್ಥ. ನೀವು ಕುರ್ಚಿಯಲ್ಲಿ ಕೂತು, ಇನ್ನೊಬ್ಬರಿಗೆ ಪಕ್ಕದ ಗೋಡೆಯ ಮೇಲೆ ಕನ್ನಡಿ ಹಿಡಿದು ಸರಿಸುತ್ತಾ ಹೋಗಲು ಹೇಳಿ. ಕನ್ನಡಿಯಲ್ಲಿ ನಿಮಗೆ ಟ್ವೀಟರ್ ಕಂಡ ಜಾಗವೇ ಮೊದಲ ಪ್ರತಿಫಲನದ ಜಾಗ. ಅಲ್ಲಿ ದಪ್ಪ ಪರದೆ ಅಥವಾ ಪುಸ್ತಕ ತುಂಬಿದ ಕಪಾಟು ಬರಲಿ. ನೆಲಕ್ಕೆ ದಪ್ಪ ಜಮಖಾನ.

ಬಟ್ಟೆ, ಹತ್ತಿಯಿಂದ ಇಷ್ಟೆಲ್ಲ ಆಗುತ್ತದಾ ಅಂತ ಅನ್ನಿಸಬಹುದು. ಕಟ್ಟಡಗಳ ಶಬ್ದವಿಜ್ಞಾನ ಶುರುವಾದದ್ದೇ ಹಾಗೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೋಣೆಯಲ್ಲಿ ಮಾತು ಅರ್ಥವೇ ಆಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ ವಾಲೇಸ್ ಸಬೈನ್ ಅನ್ನುವ ಯುವ ಭೌತಶಾಸ್ತ್ರ ಅಧ್ಯಾಪಕರಿಗೆ ಬಂತು. ಅವರು ರಾತ್ರಿ ಹೊತ್ತು ಇನ್ನೊಂದು ಸಭಾಂಗಣದ ಆಸನದ ಮೆತ್ತೆಗಳನ್ನು ತಂದು ಹಾಸಿ, ಆರ್ಗನ್ ಕೊಳವೆ ಊದಿಸಿ, ಶಬ್ದ ಅಡಗಲು ಎಷ್ಟು ಸೆಕೆಂಡ್ ಬೇಕು ಅಂತ ಅಳೆದರು. ಮೆತ್ತೆ ಹೆಚ್ಚಿದಷ್ಟೂ ಪ್ರತಿಧ್ವನಿ ಬೇಗ ಅಡಗುತ್ತಿತ್ತು. ಅದರಿಂದ ಹುಟ್ಟಿದ ಸೂತ್ರವನ್ನು ಇವತ್ತಿಗೂ ಬಳಸುತ್ತಾರೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್‌ಗೂ ಅವರೇ ಸಲಹೆ ಕೊಟ್ಟರು.

ಆದರೆ ಬಟ್ಟೆಗೂ ಮಿತಿ ಇದೆ. 1000 ಹರ್ಟ್ಸ್‌ನ ಅಲೆ 34 ಸೆಂಟಿಮೀಟರ್ ಉದ್ದ, ಅದನ್ನು ದಪ್ಪ ಮೆತ್ತೆ ಹೀರುತ್ತದೆ. 50 ಹರ್ಟ್ಸ್‌ನ ಅಲೆ ಹತ್ತಿರ ಹತ್ತಿರ 7 ಮೀಟರ್. ಎರಡು ಇಂಚಿನ ಫೋಮ್ ಅದರ ಲೆಕ್ಕಕ್ಕೇ ಬರುವುದಿಲ್ಲ. ತೆಳು ಫೋಮ್ ಅನ್ನು ಗೋಡೆ ತುಂಬ ಅಂಟಿಸಿದರೆ ಮೇಲಿನ ಸ್ವರ ಸಾಯುತ್ತದೆ, ಗುಮ್ ಅನ್ನುವುದು ಹಾಗೇ ಉಳಿಯುತ್ತದೆ. ಈಗಾಗಲೇ ಮಂಕಾಗಿರುವ ದನಿಗೆ ಇದು ಇನ್ನೂ ಕೆಟ್ಟದ್ದು. ಮೊಟ್ಟೆಯ ಟ್ರೇಗಳಂತೂ ಬೇಡವೇ ಬೇಡ.

ಇಷ್ಟಾದ ಮೇಲೂ 49 ಅಥವಾ 57ರಲ್ಲಿ ಗುಡ್ಡ ಉಳಿದರೆ ಈಕ್ವಲೈಜರ್ ಬಳಸಿ ಅಷ್ಟನ್ನೇ ಇಳಿಸಿ. ಇಳಿಸುವುದು ಸುರಕ್ಷಿತ. ಗುಳಿ ತುಂಬಿಸಲು ಹೋಗಬೇಡಿ. 10 ಡಿಬಿ ಏರಿಸಿದರೆ ಆಂಪ್ ಆ ಜಾಗದಲ್ಲಿ ಹತ್ತು ಪಟ್ಟು ಪವರ್ ಕೊಡಬೇಕು, ಗೋಡೆ ಅದನ್ನೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಗುಳಿಗೆ ಮದ್ದು ಜಾಗ ಬದಲಿಸುವುದು ಮಾತ್ರ. ಸಬ್‌ವೂಫರ್, ಅಂದರೆ ಬಾಸ್‌ಗೆಂದೇ ಇರುವ ಸ್ಪೀಕರ್, ಅದರ ಮಾತು ಆಮೇಲೆ ನೋಡೋಣ. ಗುಮ್ ಅನ್ನುವ ಕೋಣೆಗೆ ಈಗ ಸಬ್ ತಂದರೆ ಗುಮ್ ಇನ್ನೂ ಜಾಸ್ತಿ ಆಗುತ್ತದೆ.

ಹೊಸ ಆಂಪ್ ತಗೊಳ್ಳಿ ಅಂತ ನಾನೇ ಹೇಳುವ ಸಂದರ್ಭ ಎರಡು. ಒಂದು, ಹಿಂಭಾಗದಲ್ಲಿ 4 ಓಮ್‌ಗೆ ಒಪ್ಪಿಗೆ ಇಲ್ಲದಿದ್ದರೆ. ಎರಡು, ನೀವು ಕೇಳುವ ವಾಲ್ಯೂಮ್‌ನಲ್ಲಿ ದನಿ ಜೋರಾದಾಗಲೆಲ್ಲ ಒರಟಾಗಿ, ಒಡೆದ ಹಾಗೆ ಕೇಳಿದರೆ. ಅದು ಕ್ಲಿಪಿಂಗ್, ಅಂದರೆ ಆಂಪ್ ತನ್ನ ಮಿತಿ ಮುಟ್ಟಿ ಅಲೆಯ ತುದಿ ಕತ್ತರಿಸುವುದು, ಇರಬಹುದು, ಹಾಗೇ ಮುಂದುವರಿಸಿದರೆ ಟ್ವೀಟರ್ ಸುಡಬಹುದು. ಇವೆರಡೂ ಇಲ್ಲವಾದರೆ ಇವತ್ತು ಸಂಜೆ ಕುರ್ಚಿ ಹಾಕಿ, ಟೇಪ್ ಹಿಡಿದು ಅಳತೆ ಬರೆದಿಟ್ಟುಕೊಳ್ಳಿ. ಸ್ಪೀಕರ್ ಮುಖದಿಂದ ಸ್ಪೀಕರ್ ಹಿಂದಿನ ಗೋಡೆಗೆ ಎಷ್ಟು, ಪಕ್ಕದ ಗೋಡೆಗೆ ಎಷ್ಟು, ನಿಮ್ಮ ಕಿವಿಯಿಂದ ನಿಮ್ಮ ಬೆನ್ನ ಹಿಂದಿನ ಗೋಡೆಗೆ ಎಷ್ಟು. ಆ ಮೂರು ಅಂಕಿ ಕಳಿಸಿದರೆ ಮುಂದಿನ ಹೆಜ್ಜೆ ಒಟ್ಟಿಗೆ ನೋಡೋಣ.