ಹೊಟ್ಟೆಯ ಹಿಂಭಾಗದ ಲೈಪೋಸಾರ್ಕೋಮಾ: ಕಿಡ್ನಿಯನ್ನೂ ಯಾಕೆ ತೆಗೆಯುತ್ತಾರೆ, ಆಮೇಲೆ ಎಷ್ಟು ವರ್ಷ?

ನಿಮ್ಮ ತಂದೆಯವರಿಗೆ ಎಡ ಕಿಡ್ನಿಯ ಸುತ್ತ 20 ಸೆಂ.ಮೀ. ಗೆಡ್ಡೆ ಇದೆ, ಕಿಡ್ನಿ ಚೆನ್ನಾಗಿದ್ದರೂ ತೆಗೆಯಬೇಕು ಎನ್ನುತ್ತಿದ್ದಾರೆ ಎಂದು ತೀರ್ಥಹಳ್ಳಿಯಿಂದ ಕೇಳಿದ್ದೀರಿ.

ಲೈಪೋಸಾರ್ಕೋಮಾ ಎಂದರೆ ಕೊಬ್ಬಿನ ಅಂಗಾಂಶದ ಕ್ಯಾನ್ಸರ್. ಈ ಕಾಯಿಲೆಯಲ್ಲಿ ಮೊದಲ ಆಪರೇಷನ್ನೇ ದೊಡ್ಡ ಅವಕಾಶ. ಗೆಡ್ಡೆಯ ಕೊಬ್ಬು ಎಲ್ಲಿ ಮುಗಿಯಿತು, ಕಿಡ್ನಿಯ ಸುತ್ತಲಿನ ಸಹಜ ಕೊಬ್ಬು ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಕಿಡ್ನಿ, ಪಕ್ಕದ ದೊಡ್ಡ ಕರುಳಿನ ಭಾಗ ಸಮೇತ ಒಂದೇ ಇಡಿಯಾಗಿ ತೆಗೆಯುತ್ತಾರೆ. ಚೂರು ಚೂರಾಗಿ ತೆಗೆದರೆ ಮರಳಿ ಬರುವ ಸಾಧ್ಯತೆ ಹೆಚ್ಚು, ಎರಡನೇ ಸಲ ಪೂರ್ತಿ ತೆಗೆಯುವುದು ಇನ್ನೂ ಕಷ್ಟ. ಬಲ ಕಿಡ್ನಿ ಒಂದೇ ಸಾಕಾದೀತೇ ಎಂದು ಮುಂಚೆಯೇ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಮತ್ತು ಡಿಟಿಪಿಎ ಸ್ಕ್ಯಾನ್ (ಒಂದೊಂದು ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಮಾಡಿಸಿ ನೋಡಬೇಕು.

ಬಯಾಪ್ಸಿಗೆ (ಗೆಡ್ಡೆಯ ಚೂರು ತೆಗೆದು ಪರೀಕ್ಷಿಸುವುದಕ್ಕೆ) ಹೆದರಬೇಡಿ. ಸಿಟಿ ನೋಡಿಕೊಂಡು ಬೆನ್ನಿನ ಕಡೆಯಿಂದ ಸೂಜಿ ಹಾಕಿದರೆ ಗೆಡ್ಡೆ ಹರಡುವ ಅಪಾಯ ತೀರಾ ಕಡಿಮೆ.

ಆಯುಸ್ಸು ಗೆಡ್ಡೆಯ ಬಗೆಯ ಮೇಲೆ ನಿಂತಿದೆ. ವೆಲ್ ಡಿಫರೆನ್ಶಿಯೇಟೆಡ್ (ಸಹಜ ಕೊಬ್ಬನ್ನೇ ಹೋಲುವ, ನಿಧಾನವಾಗಿ ಬೆಳೆಯುವ ಬಗೆ) ಆದರೆ, ಪೂರ್ತಿ ತೆಗೆದ ಮೇಲೆ 100ರಲ್ಲಿ 80–90 ಜನ 5 ವರ್ಷ ದಾಟುತ್ತಾರೆ. ಡಿಡಿಫರೆನ್ಶಿಯೇಟೆಡ್ (ಆ ಹೋಲಿಕೆ ಕಳೆದುಕೊಂಡ, ಹೆಚ್ಚು ಉಗ್ರವಾದ ಬಗೆ) ಆದರೆ ಸುಮಾರು ಅರ್ಧದಷ್ಟು ಜನ. 10 ವರ್ಷದ ನಂತರವೂ ಅದೇ ಜಾಗದಲ್ಲಿ ಮರಳಬಹುದು, ಹಾಗಾಗಿ ಆರಾಮಿದ್ದಾರೆಂದು ಸ್ಕ್ಯಾನ್ ಬಿಡಬೇಡಿ: ಮೊದಲ 2–3 ವರ್ಷ 3–6 ತಿಂಗಳಿಗೊಮ್ಮೆ, 5 ವರ್ಷದವರೆಗೆ 6 ತಿಂಗಳಿಗೊಮ್ಮೆ, ಮುಂದೆ ವರ್ಷಕ್ಕೊಮ್ಮೆ.

ಸಾರ್ಕೋಮಾ ಆಪರೇಷನ್ ಪದೇ ಪದೇ ಮಾಡುವ ತಂಡವೇ ಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಮಣಿಪಾಲದಲ್ಲೋ ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಆರೋಗ್ಯ ಕರ್ನಾಟಕ ಯೋಜನೆಯ ರೆಫರಲ್ ಕೇಳಿ. ರಿಪೋರ್ಟ್ ಒಂದೇ ಸಾಲದು, ಸಿಟಿಯ ಸಿಡಿ ಮತ್ತು ಬಯಾಪ್ಸಿ ಬ್ಲಾಕ್ (ಮೇಣದಲ್ಲಿ ಕಾಪಿಟ್ಟ ಗೆಡ್ಡೆಯ ಚೂರು) ಒಯ್ಯಿರಿ. ಬಗೆ ಖಚಿತಪಡಿಸುವ ಎಂಡಿಎಂ2 ಎಂಬ ಜೀನ್‌ನ ಪರೀಕ್ಷೆ ಆ ಬ್ಲಾಕಿನ ಮೇಲೇ ಆಗಬೇಕು.