ಸಂಪಾದಕರ ಉತ್ತರ: ‘ಎರಡು ವಾರ ಬಿಟ್ಟು ಬನ್ನಿ’

(ಶಿರಾ ತಾಲ್ಲೂಕಿನ ಓದುಗರೊಬ್ಬರು ಬರೆದ ನಾಲ್ಕು ಪುಟದ ಪತ್ರದ ಸಾರ ಇದು. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಮದುವೆಯಾಗಿ 9 ವರ್ಷ. ಈಗ ಮೊದಲ ಸಲ ಬಸಿರು ನಿಂತಿದೆ. ಮುಟ್ಟು ಯಾವಾಗಲೂ 40 ದಿನಕ್ಕೆ, ಒಮ್ಮೊಮ್ಮೆ 45ಕ್ಕೆ. ದಿನದ ಲೆಕ್ಕದಲ್ಲಿ 7 ವಾರ ಆದಾಗ ತುಮಕೂರಿಗೆ ಬಂದು ಸ್ಕ್ಯಾನ್ ಮಾಡಿಸಿದ್ದಾರೆ. ‘ಚೀಲ ಇದೆ, ಹಾರ್ಟ್‌ಬೀಟ್ ಕಾಣ್ತಿಲ್ಲ, ಎರಡು ವಾರ ಬಿಟ್ಟು ಬನ್ನಿ’ ಎಂದರಂತೆ ಡಾಕ್ಟರು. ಅವತ್ತಿನಿಂದ ಇವರಿಗೆ ನಿದ್ದೆಯಿಲ್ಲ. ಮಗು ಹೋಗಿಬಿಟ್ಟಿದೆಯಾ? ಒಳಗಿನಿಂದ ಸ್ಕ್ಯಾನ್ ಮಾಡಿದ್ದರಿಂದ ಏನಾದರೂ ಆಯಿತಾ? ಫಾರಂಗೆ ಸಹಿ ಯಾಕೆ ಹಾಕಿಸಿಕೊಂಡರು? ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಿ ಅನ್ನುತ್ತಾರೆ, ಅತ್ತೆ ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ?)

ತಂಗಿ,

ನಿಮ್ಮ ಪತ್ರ ಸೋಮವಾರ ಬಂತು. ಈ ಸಂಚಿಕೆ ಭಾನುವಾರ ನಿಮ್ಮ ಕೈ ಸೇರುತ್ತದೆ, ನಿಮ್ಮ ಎರಡನೇ ಸ್ಕ್ಯಾನ್ ಗುರುವಾರ. ಹಾಗಾಗಿ ಉಳಿದ ಪತ್ರಗಳನ್ನೆಲ್ಲ ಮುಂದಿನ ವಾರಕ್ಕೆ ತಳ್ಳಿ ಈ ಪುಟ ಪೂರ್ತಿ ನಿಮಗೇ ಕೊಟ್ಟಿದ್ದೇನೆ.

ನೀವು ಒಂದು ಒಳ್ಳೆ ಕೆಲಸ ಮಾಡಿದ್ದೀರಿ. ರಿಪೋರ್ಟಿನಲ್ಲಿದ್ದ ಇಂಗ್ಲಿಷನ್ನು ಒಂದಕ್ಷರ ಬಿಡದೆ ದೊಡ್ಡಕ್ಷರದಲ್ಲಿ ಪತ್ರದ ಕೊನೆಗೆ ಬರೆದು ಕಳಿಸಿದ್ದೀರಿ. ನಾನು ಡಾಕ್ಟರಲ್ಲ. ಅದನ್ನು ನನಗೆ ಪರಿಚಯದ ಹೆರಿಗೆ ಡಾಕ್ಟರೊಬ್ಬರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಮೊದಲು ಕೇಳಿದ್ದು ಹಾರ್ಟ್‌ಬೀಟ್ ವಿಷಯ ಅಲ್ಲ. ‘ಆಕೆಗೆ ಮುಟ್ಟು ಎಷ್ಟು ದಿನಕ್ಕೆ?’ ಅಂತ.

ಬಸಿರಿನ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. 40 ವಾರ, 280 ದಿನ ಅನ್ನುವುದೂ ಅಲ್ಲಿಂದಲೇ. ಈ ಲೆಕ್ಕ 28 ದಿನಕ್ಕೆ ಸರಿಯಾಗಿ ಮುಟ್ಟಾಗುವ ಹೆಂಗಸಿಗೆ ಹೊಲಿದ ರವಿಕೆ. ಅವಳಿಗೆ ಸುಮಾರು 14ನೇ ದಿನ ಅಂಡ ಹೊರಬರುತ್ತದೆ. ನಿಮ್ಮದು 40 ದಿನದ ಮುಟ್ಟು. ಅಂಡ ಬರುವುದು 26ನೇ ದಿನದ ಆಸುಪಾಸು. ಅಂದರೆ ಲೆಕ್ಕಕ್ಕೂ ನಿಜಕ್ಕೂ 12 ದಿನದ ವ್ಯತ್ಯಾಸ. ಕ್ಯಾಲೆಂಡರ್ ಪ್ರಕಾರ ಅವತ್ತಿಗೆ 49 ದಿನ. ಅದರಲ್ಲಿ 12 ಕಳೆಯಿರಿ, ಉಳಿಯುವುದು 37. ಐದು ವಾರದ ಮೇಲೆ ಎರಡು ದಿನ. ರಿಪೋರ್ಟಿನಲ್ಲಿ ಚೀಲದ ಅಳತೆ 9 ಮಿಲಿಮೀಟರ್, ಅಂದಾಜು 5 ವಾರ 4 ದಿನ ಅಂತ ಇದೆ. ಎರಡೂ ಹೆಚ್ಚು ಕಡಿಮೆ ಒಂದೇ ಅಲ್ವಾ?

ಐದೂವರೆ ವಾರಕ್ಕೆ ಏನು ಕಾಣಬೇಕೋ ಅದು ನಿಮಗೆ ಕಂಡಿದೆ. ಐದು ವಾರದ ಹೊತ್ತಿಗೆ ಮೊದಲು ಚೀಲ. ಪರದೆ ಮೇಲೆ ಅದು ಬಿಳಿ ಅಂಚಿನ ಕಪ್ಪು ಕಡಲೆಕಾಳಿನ ಹಾಗಿರುತ್ತದೆ. ಒಳಗೆ ನೀರಿರುವುದರಿಂದ ಕಪ್ಪು. ಆಮೇಲೆ ಅದರೊಳಗೆ ಪುಟ್ಟ ಉಂಗುರದಂಥದ್ದೊಂದು. ನಿಮ್ಮ ರಿಪೋರ್ಟಿನಲ್ಲಿ ‘ಯೋಕ್ ಸ್ಯಾಕ್ ಸೀನ್’ ಅಂತ ಬರೆದಿರುವುದು ಅದನ್ನೇ. ಮಾಸು ಬೆಳೆದು ಕೆಲಸ ಶುರು ಮಾಡುವವರೆಗೆ ಪಿಂಡಕ್ಕೆ ಅದೇ ಬುತ್ತಿ. ಆರನೇ ವಾರಕ್ಕೆ ಆ ಉಂಗುರದ ಪಕ್ಕ ರಾಗಿಕಾಳಿಗಿಂತ ತುಸು ದೊಡ್ಡದಾದ ಒಂದು ಬಿಳಿ ಗೆರೆ. ಆ ಗೆರೆಯೊಳಗೇ ಮಿಣುಕು ಮಿಣುಕು ಅನ್ನುವುದು ಹೃದಯ. ಏಳು ವಾರ ಅಂದುಕೊಂಡು ಹೋದವರಿಗೆ ಐದೂವರೆ ವಾರದ ಚಿತ್ರ ಕಂಡರೆ ಎದೆ ಧಸಕ್ ಅನ್ನದೆ ಇರುತ್ತದಾ?

ಇನ್ನೊಂದು ಸಾಲನ್ನು ನೀವು ಬರೆದು ಕಳಿಸಿದಿರಿ, ಆದರೆ ಅದರ ಬೆಲೆ ನಿಮಗೆ ಯಾರೂ ಹೇಳಿದಂತಿಲ್ಲ. ಚೀಲ ಗರ್ಭಕೋಶದ ಒಳಗೇ ಇದೆ. ಇಷ್ಟು ಬೇಗ ಸ್ಕ್ಯಾನ್ ಮಾಡುವುದಕ್ಕೆ ಇದು ದೊಡ್ಡ ಕಾರಣ. ಕೆಲವರಿಗೆ ಬಸಿರು ಟ್ಯೂಬಿನಲ್ಲಿ ಕಚ್ಚಿಕೊಂಡಿರುತ್ತದೆ. ಅದು ಒಡೆದರೆ ತಾಯಿಯ ಜೀವಕ್ಕೇ ಕುತ್ತು. ನಿಮಗೆ ಆ ಭಯ ಇಲ್ಲ.

ಹಾಗಂತ ಎಲ್ಲ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಹೇಳುವುದಕ್ಕೆ ಇವತ್ತು ಯಾರಿಂದಲೂ ಆಗದು, ಆ ಡಾಕ್ಟರಿಂದಲೂ. ಅದಕ್ಕೇ ಎರಡು ವಾರ ಎಂದಿದ್ದಾರೆ. ಅದು ಬಾಯಿಗೆ ಬಂದ ಲೆಕ್ಕ ಅಲ್ಲ. ಚೀಲ, ಯೋಕ್ ಸ್ಯಾಕ್ ಎರಡೂ ಕಂಡ ಮೇಲೆ 11 ದಿನ ಕಳೆದರೂ ಹೃದಯ ಬಡಿಯುವ ಪಿಂಡ ಕಾಣದಿದ್ದರೆ ಆಗ ಬಸಿರು ಉಳಿದಿಲ್ಲ ಎಂದು ಹೇಳುತ್ತಾರೆ. ಪಿಂಡ 7 ಮಿಲಿಮೀಟರ್ ಇದ್ದೂ ಬಡಿತ ಇಲ್ಲದಿದ್ದರೂ ಹಾಗೆಯೇ. ಅದಕ್ಕಿಂತ ಮೊದಲು ತೀರ್ಪು ಕೊಡುವುದು ತಪ್ಪು. ಸರಿಯಿರುವ ಬಸಿರನ್ನೇ ತೆಗೆದುಹಾಕಿಬಿಡಬಾರದು ಅನ್ನುವ ಎಚ್ಚರಿಕೆ ಅದು.

ನಿಮ್ಮ ಯಜಮಾನರು ನಾಳೆಯೇ ಇನ್ನೊಂದು ಸೆಂಟರಿಗೆ ಹೋಗೋಣ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಬಿತ್ತಿದ ಮೂರನೇ ದಿನ ಮಣ್ಣು ಕೆದಕಿ ನೋಡಿದ ಹಾಗಾಗುತ್ತದೆ ಅದು. ಮಣ್ಣು ಕೆದಕಿದರೆ ಬೀಜ ಕೆಡುತ್ತದೆ. ಸ್ಕ್ಯಾನ್‌ನಿಂದ ಹಾಗೇನೂ ಆಗದು, ಕೆಡುವುದು ನಿಮ್ಮ ನಿದ್ದೆ. ಅದೇ ಕಡಲೆಕಾಳನ್ನು ಇನ್ನೊಬ್ಬರು ತೋರಿಸಿ ಇನ್ನೊಂದು ರಿಪೋರ್ಟ್ ಕೊಡುತ್ತಾರೆ, ಅಷ್ಟೆ.

ನನ್ನ ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ. 25 ವರ್ಷದ ಹಿಂದೆ, ಮದುವೆಯಾಗಿ ಏಳು ವರ್ಷದ ಮೇಲೆ, ನಾನೂ ಇದೇ ತುಮಕೂರಿನಲ್ಲಿ ಅಂಥದ್ದೇ ಒಂದು ಮಂಚದ ಮೇಲೆ ಮಲಗಿದ್ದೆ. ಪರದೆ ಆ ಕಡೆಗೆ ತಿರುಗಿತ್ತು. ಸ್ಕ್ಯಾನ್ ಮಾಡುವವರು ಒಂದು ಮಾತೂ ಆಡಲಿಲ್ಲ. ಗೋಡೆ ಮೇಲೆ ತಿರುಗದೆ ನಿಂತಿದ್ದ ಫ್ಯಾನಿನ ಮೂರು ರೆಕ್ಕೆಯಲ್ಲಿ ಒಂದಕ್ಕೆ ಮಾತ್ರ ಧೂಳು ಒರೆಸಿದ್ದರು. ಅದು ಇವತ್ತಿಗೂ ನೆನಪಿದೆ. ಕೊನೆಗೆ ‘ಏನೂ ಕಾಣ್ತಿಲ್ಲಮ್ಮ, ಮುಂದಿನ ಪೇಷೆಂಟ್ ಕಳ್ಸಿ’ ಅಂದರು. ಒರೆಸಿಕೊಳ್ಳಲು ಕೊಟ್ಟ ಹತ್ತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಸ್ ಹತ್ತಿದ್ದೆ. ನನಗೆ ಆ ಸಲ ಉಳಿಯಲಿಲ್ಲ. ಎರಡನೇ ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಉಳಿಯದ್ದಕ್ಕಿಂತ ಜಾಸ್ತಿ ಕಾಡಿದ್ದು ಆಮೇಲಿನ ಮಾತು. ಬೋರ್‌ವೆಲ್‌ನಿಂದ ಎರಡು ಬಿಂದಿಗೆ ನೀರು ಹೊತ್ತಿದ್ದೆ, ಅದಕ್ಕೇ ಹೋಯಿತು ಅಂದರು. ನಾನೂ ಬಹಳ ವರ್ಷ ನಂಬಿದ್ದೆ.

ಅದು ಸುಳ್ಳು. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಹೆಚ್ಚಿನವು ಕ್ರೋಮೋಸೋಮಿನ, ಅಂದರೆ ಅಪ್ಪ ಅಮ್ಮನ ಗುಣ ಹೊತ್ತು ತರುವ ಎಳೆಗಳ, ಎಣಿಕೆ ತಪ್ಪಿ ಹೋಗುವಂಥವು. ಅಂಡ, ವೀರ್ಯ ಸೇರುವ ಹೊತ್ತಿಗೇ ಆಗಿಹೋದ ತಪ್ಪು. ಬಿಂದಿಗೆಯೂ ಅಲ್ಲ, ಬಸ್ಸೂ ಅಲ್ಲ, ಹಳ್ಳದಲ್ಲಿ ಕುಕ್ಕಿದ ಬೈಕೂ ಅಲ್ಲ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ 10ರಿಂದ 20 ಹೀಗೆ ಹೋಗುತ್ತವೆ. ನಮ್ಮ ಬೀದಿಯಲ್ಲೇ ಎಷ್ಟು ಜನಕ್ಕೆ ಆಗಿತ್ತು ಅಂತ ನನಗೆ ತಿಳಿದದ್ದು ನನಗೂ ಆದ ಮೇಲೆ, ಒಬ್ಬೊಬ್ಬರೇ ಬಂದು ಮೆಲ್ಲಗೆ ಹೇಳಿದಾಗ.

ಇಲ್ಲಿಂದ ನಿಮ್ಮ ಅತ್ತೆಯವರ ಮಾತಿಗೆ ಬರೋಣ. ಅವರ ಮೇಲೆ ಸಿಟ್ಟಾಗಬೇಡಿ. ಮೂರು ತಿಂಗಳವರೆಗೆ ಗರ್ಭಕೋಶ ಸೊಂಟದ ಮೂಳೆಯ ಒಳಗೇ ಇರುತ್ತದೆ. ಹೊಟ್ಟೆ ಮುಟ್ಟಿದರೆ ಎಂಥ ಪಳಗಿದ ಕೈಗೂ ಸಿಗುವುದು ಕಷ್ಟ. ನಮ್ಮ ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂದವರು. ಅಂಥವರ ಕಾಲದಲ್ಲಿ ಬಸಿರು ಖಾತ್ರಿಯಾಗುತ್ತಿದ್ದದ್ದೇ ಮೂರು ತಿಂಗಳ ಹೊತ್ತಿಗೆ. ಖಾತ್ರಿಯಾಗುವವರೆಗೆ ಬಾಯಿ ಬಿಡಬೇಡ ಅನ್ನುವುದು ಆಗ ಸರಿಯಾದ ಮಾತೇ. ಈಗ ಐದನೇ ವಾರಕ್ಕೇ ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಬೀಳುತ್ತದೆ, ಮಾರನೇ ವಾರ ಪರದೆ ಮೇಲೆ ಕಾಳು ಕಾಣುತ್ತದೆ. ಗೊತ್ತಾಗುವುದು ಎರಡು ತಿಂಗಳು ಬೇಗವಾಯಿತು, ಬಾಯಿ ಮುಚ್ಚಿಕೊಂಡಿರುವ ಅವಧಿ ಮಾತ್ರ ಹಾಗೇ ಉಳಿಯಿತು. ಆ ಎರಡು ತಿಂಗಳನ್ನು ಹೇಗೆ ಕಳೆಯಬೇಕು ಅಂತ ನಮ್ಮ ಶಾಸ್ತ್ರ ಸಂಪ್ರದಾಯದಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಸೀಮಂತಕ್ಕೆ ಹಾಡು ಇದೆ, ಇದಕ್ಕೆ ಏನೂ ಇಲ್ಲ.

ಹಾಗಾಗಿ ಊರಿಗೆ ಹೇಳಬೇಡಿ, ಬೇಡವಾದರೆ. ಆದರೆ ಒಬ್ಬರಿಗೆ ಹೇಳಿ. ಅಕ್ಕನೋ, ಗೆಳತಿಯೋ, ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದರೆ ಎತ್ತುವವರು. ಆಶಾ ಕಾರ್ಯಕರ್ತೆಗೆ ಹೇಳುವುದು ಊರಿಗೆ ಹೇಳಿದಂತಲ್ಲ, ಅದು ಅವರ ಕೆಲಸ. 12 ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಬಿ.ಪಿ. ಎಲ್ಲ ಆಗಲೇ ನೋಡಿಬಿಡುತ್ತಾರೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆಯೂ ಇದೆ. ಅದು ನಾಲ್ಕನೇ ತಿಂಗಳಿನಿಂದ ನಿಮಗೆ ಬೇಕಾಗುತ್ತದೆ. ಫೋಲಿಕ್ ಆಸಿಡ್ ಮಾತ್ರೆ ಮಾತ್ರ ಯಾವ ಗುರುವಾರಕ್ಕೂ ಕಾಯಬಾರದು. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವುದು ಈ ವಾರಗಳಲ್ಲೇ. ಪರಂಗಿ ಹಣ್ಣು, ಗ್ರಹಣ ಅಂತೆಲ್ಲ ಕೇಳಿದ್ದೀರಿ. ಅದರ ಬಗ್ಗೆ ಇನ್ನೊಂದು ಸಲ ಬರೆಯೋಣ, ಇವತ್ತು ಅದು ಮುಖ್ಯ ಅಲ್ಲ.

ಒಳಗಿನಿಂದ ಮಾಡಿದ ಸ್ಕ್ಯಾನ್. ಬೆರಳಿಗಿಂತ ತುಸು ದಪ್ಪದ ಕಡ್ಡಿಗೆ ನಿರೋಧ್ ಹೊದಿಸಿ, ಜೆಲ್ ಹಚ್ಚಿ ಯೋನಿಯಲ್ಲಿ ಇಡುತ್ತಾರೆ. ಅದು ಗರ್ಭಕೋಶದೊಳಕ್ಕೆ ಹೋಗುವುದೇ ಇಲ್ಲ, ಬಾಯಿಯ ಹೊರಗೇ ನಿಲ್ಲುತ್ತದೆ. ಹತ್ತಿರದಿಂದ ನೋಡುವುದರಿಂದ ಹೊಟ್ಟೆ ಮೇಲಿನ ಸ್ಕ್ಯಾನ್‌ಗಿಂತ ಸುಮಾರು ಒಂದು ವಾರ ಮೊದಲೇ ಕಾಣಿಸುತ್ತದೆ. ಮೂತ್ರಕೋಶ ಖಾಲಿ ಇದ್ದರೆ ಇದರಲ್ಲಿ ಚೆನ್ನಾಗಿ ಕಾಣುತ್ತದೆ, ಮೂತ್ರ ಮಾಡಿ ಬನ್ನಿ ಎಂದು ಕಳಿಸಿದ್ದು ಅದಕ್ಕೇ. ಎಕ್ಸ್‌ರೇಯಂತೆ ವಿಕಿರಣ ಇದರಲ್ಲಿಲ್ಲ, ಕಿವಿಗೆ ಕೇಳದ ಶಬ್ದ ಅಷ್ಟೆ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ಡಾಕ್ಟರು 1955ರಲ್ಲಿ ಆಪರೇಷನ್ ಮಾಡಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಬಾಯ್ಲರ್ ಮಾಡುವ ಕಾರ್ಖಾನೆಗೆ ಹೋಗಿದ್ದರು. ಕಬ್ಬಿಣದಲ್ಲಿ ಬಿರುಕು ಹುಡುಕುವ ಯಂತ್ರದಲ್ಲಿ ಅವು ಹೇಗೆ ಕಾಣುತ್ತವೆ ಎಂದು ನೋಡುವುದಕ್ಕೆ. ಇವತ್ತಿನ ಸ್ಕ್ಯಾನ್ ಶುರುವಾಗಿದ್ದು ಹಾಗೆ. ಇದನ್ನು ನಿಮ್ಮ ಯಜಮಾನರಿಗೂ ಹೇಳಿ, ನಗುತ್ತಾರೇನೋ.

ಫಾರಂ ವಿಷಯಕ್ಕೆ ಹೆದರಬೇಡಿ. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಕಾನೂನಿನ ಪ್ರಕಾರ ಸ್ಕ್ಯಾನ್ ಮಾಡಿಸುವ ಪ್ರತಿ ಬಸುರಿಯ ಸಹಿಯೂ ಬೇಕು. ಹೆಣ್ಣೋ ಗಂಡೋ ತಿಳಿಯುವ ಆಸೆ ನನಗಿಲ್ಲ ಎಂದು ನೀವು, ಹೇಳಿಲ್ಲ ಎಂದು ಡಾಕ್ಟರು. ಮಕ್ಕಳೆಷ್ಟು ಎಂದು ಕೇಳಿದಾಗ ‘ಇಲ್ಲ’ ಎಂದು ಬರೆಸುವುದು ಕಷ್ಟವಾಯಿತು ಎಂದಿದ್ದೀರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಗುರುವಾರದೊಳಗೆ ಬಟ್ಟೆಗೆ ಸ್ವಲ್ಪ ಕಲೆ ಕಂಡರೆ ಡಾಕ್ಟರಿಗೆ ಫೋನ್ ಮಾಡಿ. ಬಹಳ ಜನಕ್ಕೆ ಆಗುತ್ತದೆ, ಆಗಿಯೂ ಬಸಿರು ಉಳಿಯುತ್ತದೆ. ಆದರೆ ಮುಟ್ಟಿಗಿಂತ ಜೋರಾಗಿ ರಕ್ತ ಹೋದರೆ, ಕಿಬ್ಬೊಟ್ಟೆ ತಡೆಯಲಾರದಷ್ಟು ನೋವು ಬಂದರೆ, ಕಣ್ಣು ಕತ್ತಲೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಹೊರಡಿ.

ಗುರುವಾರ ಸ್ಕ್ಯಾನ್‌ಗೆ ಹೋಗುವಾಗ ಹಳೇ ರಿಪೋರ್ಟ್ ತೆಗೆದುಕೊಂಡು ಹೋಗಿ. ಮುಟ್ಟು 40 ದಿನಕ್ಕೆ ಅನ್ನುವುದನ್ನು ನೀವೇ ಬಾಯಿಬಿಟ್ಟು ಹೇಳಿ. ಹೋದ ಸಲ ಯಾರೂ ಕೇಳಲಿಲ್ಲ, ನೀವೂ ಹೇಳಲಿಲ್ಲ ಅಂತ ಕಾಣುತ್ತದೆ. ಮಲಗಿದ ಮೇಲೆ ‘ಮೇಡಂ, ಸ್ವಲ್ಪ ಪರದೆ ಈ ಕಡೆ ತಿರುಗಿಸ್ತೀರಾ?’ ಅಂತ ಕೇಳಿ. ಯಜಮಾನರನ್ನು ಒಳಗೆ ಬಿಡದಿದ್ದರೆ ಡಾಕ್ಟರ ಹತ್ತಿರ ರಿಪೋರ್ಟ್ ತೋರಿಸುವಾಗಲಾದರೂ ಜೊತೆಗಿರಲಿ. ಏನೇ ಕಂಡರೂ ಅವತ್ತು ಒಬ್ಬರೇ ಬಸ್ ಹತ್ತಬೇಡಿ.

ನಮ್ಮ ಕಚೇರಿಯ ಫೋನ್ ನಂಬರ್ ಪತ್ರಿಕೆಯ ಕೊನೆ ಪುಟದಲ್ಲಿದೆ. ಗುರುವಾರ ನಾನು ರಾತ್ರಿ ಎಂಟರವರೆಗೂ ಇಲ್ಲೇ ಇರುತ್ತೇನೆ.

ನಿಮ್ಮ,
ಸಂಪಾದಕಿ